ತಾತನ ಪದಪೆಟ್ಟಿಗೆ: ವ್ಯಾಲಿಡಿಟಿ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸುತ್ತಿರುವ ಅಜ್ಜ ಅಜ್ಜಿಯರೇ,

ಈ ವಾರದ ಪದವನ್ನು ನಾನು ನಿಘಂಟು ತೆರೆದು ಹುಡುಕಲಿಲ್ಲ. ಅದೇ ಬ್ಯಾಂಕಿನಲ್ಲಿ ನನ್ನ ಎದುರಿಗೆ ಬಂದು ನಿಂತಿತು. ಅದೂ ಕೆಂಪು ಅಕ್ಷರದಲ್ಲಿ.

ನನ್ನಂಥ ಪಿಂಚಣಿದಾರರಿಗೆ ನವೆಂಬರ್ ಬಂತೆಂದರೆ ಒಂದು ಕೆಲಸ ಕಾದಿರುತ್ತದೆ. ನಾವು ಇನ್ನೂ ಬದುಕಿದ್ದೇವೆ ಎಂದು ತೋರಿಸಿಕೊಡಬೇಕು. ಅದಕ್ಕೆ ಜೀವನ ಪ್ರಮಾಣ ಪತ್ರ ಎಂದು ಹೆಸರು. ಮೊದಲೆಲ್ಲ ಕಾಗದದ ಮೇಲೆ ಸಹಿ ಹಾಕಿ ಕೊಟ್ಟರೆ ಮುಗಿಯುತ್ತಿತ್ತು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಡಿಜಿಟಲ್ ಆಗಿಯೂ ಕೊಡುವ ವ್ಯವಸ್ಥೆ ತಂದಿತು. ಪುಟ್ಟ ಯಂತ್ರದ ಮೇಲೆ ಬೆರಳು ಇಟ್ಟರೆ ಸಾಕು, ಆಧಾರ್ ನಮ್ಮನ್ನು ಗುರುತಿಸುತ್ತದೆ.

ಕಳೆದ ನವೆಂಬರಿನ ಮೊದಲ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದಿದ್ದ ಮೊಮ್ಮಗಳು ಪುಟ್ಟಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದೆ. ಅವಳು ಏಳನೇ ತರಗತಿ. ಸರದಿ ಬಂತು, ಬೆರಳು ಇಟ್ಟೆ. ಯಂತ್ರ ಒಪ್ಪಲಿಲ್ಲ. “ಕೈ ಒರೆಸ್ಕೊಂಡು ಮತ್ತೆ ಇಡಿ ಸಾರ್” ಅಂದರು ಕೌಂಟರಿನಲ್ಲಿದ್ದವರು. ಪಂಚೆಯ ಅಂಚಿಗೆ ಒರೆಸಿ ಇಟ್ಟೆ. ಆಗಲಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ ಎಲ್ಲ ಆಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದ ಬೆರಳುಗಳು, ಗೆರೆ ಎಲ್ಲಿ ಉಳಿದಿರಬೇಕು? ಪುಟ್ಟಿ ಕತ್ತು ಚಾಚಿ ಪರದೆ ನೋಡಿದವಳೇ ಗಟ್ಟಿಯಾಗಿ ಓದಿಬಿಟ್ಟಳು.

“ತಾತ, ನೀನು ಇನ್‌ವ್ಯಾಲಿಡ್ ಅಂತೆ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ ಮಕ್ಕಳೇ, ಒಳಗೆ ಎಲ್ಲೋ ಚುರ್ ಅಂದಿತು.

ನನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೇ ಅವರಿಗೆ ಆಧಾರ. ಅವರು ನಗಲಿಲ್ಲ. “ನಂದೂ ಮೊನ್ನೆ ತಗೊಳ್ಳಲಿಲ್ಲ ಕಣವ್ವ. ಕಳೆ ಕಿತ್ತ ಕೈ, ಪಾತ್ರೆ ತಿಕ್ಕಿದ ಕೈ. ಇವತ್ತೂ ಆಗ್ಲಿಲ್ಲ ಅಂದ್ರೆ ದುಡ್ಡು ನಿಂತೋಗ್ತದೇನೋ” ಅಂದರು ಪುಟ್ಟಿಗೆ. ಮುಂದೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಪದಪೆಟ್ಟಿಗೆ ತೆರೆಯೋಣ.

ವ್ಯಾಲಿಡಿಟಿ ಎಂಬ ಪದ ನಿಮಗೆ ಹೊಸದಲ್ಲ. ಕರೆನ್ಸಿ ಹಾಕಿಸುವ ಅಂಗಡಿಯಲ್ಲಿ ದಿನಾ ಕೇಳುತ್ತೀರಿ. “ಇಪ್ಪತ್ತೆಂಟು ದಿನ ವ್ಯಾಲಿಡಿಟಿ ಇದೆ ಸಾರ್.” “ಅಜ್ಜಿ, ನಿನ್ನ ಫೋನಿನ ವ್ಯಾಲಿಡಿಟಿ ಮುಗೀತು.” ಹೀಗೆ ಕೇಳಿ ಕೇಳಿ, ವ್ಯಾಲಿಡಿಟಿ ಅಂದರೆ ‘ಎಷ್ಟು ದಿನ’ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ದಿನದ ಲೆಕ್ಕ ಈ ಪದದ ಒಂದು ಸಣ್ಣ ಮೂಲೆ ಅಷ್ಟೇ. ಪದದ ಮನೆ ಬಹಳ ದೊಡ್ಡದು.

ಅದರ ತವರು ಲ್ಯಾಟಿನ್ ಭಾಷೆ. ಅಲ್ಲಿ ‘ವಲೇರೆ’ ಎಂದರೆ ಬಲವಾಗಿರುವುದು, ಆರೋಗ್ಯವಾಗಿರುವುದು, ಬೆಲೆ ಬಾಳುವುದು. ‘ವಲಿದುಸ್’ ಎಂದರೆ ಬಲಶಾಲಿ, ಗಟ್ಟಿಮುಟ್ಟಾದ. ಅಲ್ಲಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಅದರ ಅಕ್ಕತಂಗಿಯರನ್ನೆಲ್ಲ ನೀವು ಆಗಲೇ ಬಲ್ಲಿರಿ. ಬೆಲೆ ಎಂಬ ಅರ್ಥದ ‘ವ್ಯಾಲ್ಯೂ’, ಶೌರ್ಯ ಎಂಬ ಅರ್ಥದ ‘ವ್ಯಾಲರ್’, ಸಮಾನ ಬಲವುಳ್ಳದ್ದು ಎಂಬ ‘ಈಕ್ವಿವಲೆಂಟ್’, ವಿಜ್ಞಾನದ ಪಾಠದಲ್ಲಿ ಪರಮಾಣುಗಳ ಕೂಡಿಕೊಳ್ಳುವ ಶಕ್ತಿಯನ್ನು ಹೇಳುವ ‘ವೇಲೆನ್ಸಿ’. ಎಲ್ಲರೂ ಒಂದೇ ಬೇರಿನವರು.

ಹಳೆಯ ರೋಮನ್ನರು ಕಾಗದ ಬರೆಯುವಾಗ ಈ ಬೇರನ್ನು ಬಹಳ ಚೆಂದವಾಗಿ ಬಳಸುತ್ತಿದ್ದರು. ‘ನೀನು ಗಟ್ಟಿಯಾಗಿದ್ದರೆ ಸಂತೋಷ, ನಾನೂ ಗಟ್ಟಿಯಾಗಿದ್ದೇನೆ’ ಎಂಬ ಅರ್ಥದ ಸಾಲಿನಿಂದ ಅನೇಕರು ಪತ್ರ ಶುರು ಮಾಡುತ್ತಿದ್ದರು. ಅದು ಎಷ್ಟು ರೂಢಿಯಾಗಿತ್ತೆಂದರೆ ಪೂರ್ತಿ ಬರೆಯುವ ಬದಲು ಪದಗಳ ಮೊದಲ ಅಕ್ಷರಗಳನ್ನಷ್ಟೇ ಬರೆದರೂ ಸಾಕಾಗುತ್ತಿತ್ತು. ಅಜ್ಜ ಅಜ್ಜಿಯರೇ, ‘ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು’ ಎಂದು ಇನ್‌ಲ್ಯಾಂಡ್ ಲೆಟರಿನಲ್ಲಿ ನಾವೂ ಬರೆಯುತ್ತಿದ್ದೆವಲ್ಲ, ನೆನಪಿದೆಯೇ? ಮಕ್ಕಳಿಗೆ ಆ ನೀಲಿ ಕಾಗದದ ಕಥೆ ಹೇಳಿ.

ಹಾಗಾದರೆ ವ್ಯಾಲಿಡಿಟಿ ಎಂದರೆ ಗಟ್ಟಿತನ. ಎಂಥ ಗಟ್ಟಿತನ? ಎರಡು ಬಗೆ. ಒಂದು, ಕಾನೂನು ಅಥವಾ ನಿಯಮ ಕೊಡುವ ಗಟ್ಟಿತನ. ಇನ್ನೊಂದು, ತರ್ಕ ಕೊಡುವ ಗಟ್ಟಿತನ.

ಮೊದಲನೆಯದನ್ನು ನೋಡೋಣ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ನಾಲ್ಕಾಣೆ ಇದೆ, ಅಂದರೆ ಇಪ್ಪತ್ತೈದು ಪೈಸೆ. ಚಿಕ್ಕಂದಿನಲ್ಲಿ ನಾಲ್ಕಾಣೆಗೆ ಕೈತುಂಬ ಕಡಲೆಕಾಯಿ ಬರುತ್ತಿತ್ತು. ಇವತ್ತಿಗೂ ಆ ನಾಣ್ಯ ಸವೆದಿಲ್ಲ, ಒಡೆದಿಲ್ಲ, ಥಳಥಳ ಹೊಳೆಯುತ್ತದೆ. ಆದರೆ 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನು ಸರ್ಕಾರ ಚಲಾವಣೆಯಿಂದ ಹಿಂತೆಗೆದುಕೊಂಡಿತು. ಲೋಹ ಹಾಗೇ ಇದೆ, ವ್ಯಾಲಿಡಿಟಿ ಹೋಯಿತು. 2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರದ ನೋಟುಗಳಿಗೆ ಆದದ್ದೂ ಅದೇ. ಅಕ್ಕಿ ಡಬ್ಬಿಯಲ್ಲಿ ನೋಟು ಬಚ್ಚಿಟ್ಟಿದ್ದ ಅಜ್ಜಿಯರನ್ನು ಕೇಳಿ, ಈ ಪದದ ಅರ್ಥವನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇದರ ತಿರುವುಮುರುವೂ ಉಂಟು. ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಕೆಲವು ಊರುಗಳಲ್ಲಿ “ಇದು ನಡೆಯಲ್ಲ” ಎಂದು ವಾಪಸು ಕೊಡುತ್ತಿದ್ದರು. ಒಂದೊಂದು ನಾಣ್ಯದ ಮೇಲೂ ಒಂದೊಂದು ಚಿತ್ರ ಇದೆ, ಯಾವುದೋ ಖೋಟಾ ಇರಬೇಕು ಎಂಬ ಗಾಳಿಮಾತು. ಆಗ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೇಳಿಕೆ ಕೊಟ್ಟಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳೂ ಸಲ್ಲುತ್ತವೆ. ಐವತ್ತು ಪೈಸೆಯ ಕಥೆಯೂ ಹಾಗೇ. ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಕಾನೂನಿನಲ್ಲಿ ಅದು ಇನ್ನೂ ವ್ಯಾಲಿಡ್.

ನೋಡಿದಿರಾ? ಹೊಳೆಯುವ ನಾಲ್ಕಾಣೆ ಸಲ್ಲುವುದಿಲ್ಲ, ಅಂಗಡಿಯವರು ತಳ್ಳಿದ ಎಂಟಾಣೆ ಸಲ್ಲುತ್ತದೆ. ಒಂದು ವಸ್ತು ಚೆನ್ನಾಗಿ ಕಾಣುತ್ತದೆಯೇ, ಹತ್ತು ಜನ ಅದರ ಬಗ್ಗೆ ಏನು ಮಾತಾಡುತ್ತಾರೆ ಎಂಬುದರ ಮೇಲೆ ವ್ಯಾಲಿಡಿಟಿ ನಿಂತಿಲ್ಲ. ಅದಕ್ಕೆ ಬಲ ಕೊಡುವ ನಿಯಮ ಯಾವುದು ಎಂದು ಹುಡುಕಬೇಕು.

ಇದಕ್ಕೆ ನಮ್ಮ ದೇಶದ ಒಂದು ದೊಡ್ಡ ಉದಾಹರಣೆ ಇದೆ. ಮತಯಂತ್ರವನ್ನು ನೀವು ನೋಡಿದ್ದೀರಿ. ಇಂದು ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನಲ್ಲಿದೆ. ಈ ಯಂತ್ರ ಮೊದಲ ಬಾರಿಗೆ ಚುನಾವಣೆಯಲ್ಲಿ ಬಳಕೆಯಾದದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರವೂರು ವಿಧಾನಸಭಾ ಕ್ಷೇತ್ರದಲ್ಲಿ, ಅದೂ 50 ಮತಗಟ್ಟೆಗಳಲ್ಲಿ ಮಾತ್ರ. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಗಿನ ಕಾನೂನಿನ ಪ್ರಕಾರ ಮತದಾನ ಎಂದರೆ ಮತಪತ್ರ ಮತ್ತು ಮತಪೆಟ್ಟಿಗೆ. ಯಂತ್ರಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಆ ಆಯ್ಕೆ ನಿಲ್ಲಲಿಲ್ಲ. ಆ 50 ಮತಗಟ್ಟೆಗಳಲ್ಲಿ ಮತಪತ್ರ ಬಳಸಿ ಮರುಮತದಾನ ನಡೆಯಿತು.

ಯಂತ್ರ ತಪ್ಪು ಎಣಿಸಿತು ಎಂದು ನ್ಯಾಯಾಲಯ ಹೇಳಲಿಲ್ಲ ಎಂಬುದನ್ನು ಗಮನಿಸಿ. ಯಂತ್ರ ಬಳಸಲು ಅಧಿಕಾರ ಎಲ್ಲಿದೆ ಎಂದು ಕೇಳಿತು. ಸಂಸತ್ತು 1988ರ ಡಿಸೆಂಬರಿನಲ್ಲಿ ಕಾನೂನಿಗೆ ತಿದ್ದುಪಡಿ ತಂದ ಮೇಲೆ ಮತಯಂತ್ರಕ್ಕೆ ಆ ಬಲ ಬಂತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರವೇ ಇತ್ತು. ಕೆಲಸ ಚೆನ್ನಾಗಿ ಆಗಬೇಕು, ಸರಿಯಾದ ಅಧಿಕಾರದಿಂದಲೂ ಆಗಬೇಕು. ವ್ಯಾಲಿಡಿಟಿ ಕೇಳುವುದು ಎರಡನೆಯದನ್ನು.

ಇನ್ನು ಎರಡನೆಯ ಬಗೆ, ತರ್ಕದ ಗಟ್ಟಿತನ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ನಮ್ಮ ನ್ಯಾಯಶಾಸ್ತ್ರದವರ ಬಹಳ ಹಳೆಯ ಉದಾಹರಣೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬುದನ್ನು ಒಪ್ಪಿದರೆ ಮಾತು ಗಟ್ಟಿ. ಈಗ ಇದನ್ನು ತಿರುಗಿಸಿ: ಅಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆಯೂ ಇರಲೇಬೇಕು. ಕೇಳಲು ಒಂದೇ ಥರ ಇದೆ, ಆದರೆ ನಿಲ್ಲುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿ? ಈ ಉದಾಹರಣೆಯನ್ನೂ ಆ ಪಂಡಿತರೇ ಕೊಟ್ಟಿದ್ದಾರೆ. ಕಾರಣದಂತೆ ಕಾಣುವ, ಆದರೆ ಕಾರಣವಾಗದ ಮಾತಿಗೆ ಅವರಿಟ್ಟ ಹೆಸರು ಹೇತ್ವಾಭಾಸ. ಇಂಥ ಮಾತಿಗೆ ವ್ಯಾಲಿಡಿಟಿ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ದೊಡ್ಡ ತರಗತಿಯ ಮಕ್ಕಳು ಗಮನವಿಟ್ಟು ಓದಿ. ‘ಎಲ್ಲ ಹಕ್ಕಿಗಳೂ ಹಾರುತ್ತವೆ. ಉಷ್ಟ್ರಪಕ್ಷಿ ಒಂದು ಹಕ್ಕಿ. ಆದ್ದರಿಂದ ಉಷ್ಟ್ರಪಕ್ಷಿ ಹಾರುತ್ತದೆ.’ ಉಷ್ಟ್ರಪಕ್ಷಿ ಹಾರುವುದಿಲ್ಲ ಎಂದು ನಿಮಗೆ ಗೊತ್ತು. ಆದರೂ ತರ್ಕಶಾಸ್ತ್ರದಲ್ಲಿ ಈ ವಾದ ವ್ಯಾಲಿಡ್! ಏಕೆಂದರೆ ಮೊದಲ ಎರಡು ಮಾತು ನಿಜವಾಗಿದ್ದರೆ ಮೂರನೆಯದು ನಿಜವಾಗಲೇಬೇಕು. ಕೊಂಡಿ ಗಟ್ಟಿಯಾಗಿದೆ, ಮೊದಲ ಮಾತೇ ಸುಳ್ಳು. ಕೊಂಡಿಯೂ ಗಟ್ಟಿಯಾಗಿದ್ದು, ಹಿಡಿದ ಮಾತುಗಳೂ ನಿಜವಾಗಿದ್ದರೆ ಅಂಥ ವಾದವನ್ನು ಇಂಗ್ಲಿಷಿನಲ್ಲಿ ‘ಸೌಂಡ್’ ಎನ್ನುತ್ತಾರೆ. ಸದ್ದು ಎಂಬ ‘ಸೌಂಡ್’ ಬೇರೆ, ಇದು ಬೇರೆ. ಇದರರ್ಥ ಊನವಿಲ್ಲದ್ದು, ಸದೃಢವಾದದ್ದು.

ದಿನದ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟು ಇಲ್ಲ. ‘ಯು ಹ್ಯಾವ್ ಎ ವ್ಯಾಲಿಡ್ ಪಾಯಿಂಟ್’ ಎಂದರೆ ‘ನೀನು ಹೇಳಿದ್ದರಲ್ಲಿ ಹುರುಳಿದೆ’ ಎಂದಷ್ಟೇ ಅರ್ಥ. ಫೋನಿನಲ್ಲಿ ಬರುವ ಮನೆಮದ್ದಿನ ಸಂದೇಶ ನೋಡಿದಾಗ ಈ ಪದ ನೆನೆಯಿರಿ. ‘ಒಬ್ಬರು ಈ ಕಷಾಯ ಕುಡಿದರು, ಮೂರು ದಿನದಲ್ಲಿ ನೆಗಡಿ ಹೋಯಿತು, ಆದ್ದರಿಂದ ಇದೇ ರಾಮಬಾಣ.’ ಕುಡಿಯದಿದ್ದರೂ ನೆಗಡಿ ಹೋಗುತ್ತಿರಲಿಲ್ಲವೇ? ಕೊಂಡಿ ಎಳೆದು ನೋಡಿ, ಆಮೇಲೆ ಇನ್ನೊಬ್ಬರಿಗೆ ಕಳಿಸಿ. ಈ ಮಾತು ಮಕ್ಕಳಿಗಿಂತ ನನ್ನ ಓರಗೆಯವರಿಗೆ!

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಒಂದೇ ಪದ ಸಾಲದು. ಪತ್ರಿಕೆಯಲ್ಲಿ ‘ಸಿಂಧುತ್ವ ಪ್ರಮಾಣಪತ್ರ’, ‘ಅಸಿಂಧು ಮತಗಳು’ ಎಂದು ಓದುತ್ತೀರಿ. ನಾಣ್ಯ, ಟಿಕೆಟಿಗೆ ‘ಸಲ್ಲುತ್ತದೆ’, ‘ನಡೆಯುತ್ತದೆ’ ಎಂದರೆ ಸೊಗಸು. ವಾದಕ್ಕೆ ‘ಸಮಂಜಸ’, ‘ಹುರುಳುಳ್ಳದ್ದು’. ಕೋರ್ಟಿನ ಭಾಷೆಯಲ್ಲಿ ‘ಊರ್ಜಿತ’, ಅದಿಲ್ಲದಿದ್ದರೆ ‘ಅನೂರ್ಜಿತ’. ‘ಶಾಸಕರ ಆಯ್ಕೆ ಅನೂರ್ಜಿತ’ ಎಂಬ ತಲೆಬರಹ ನೋಡಿದ್ದೀರಲ್ಲ? ಸಂಸ್ಕೃತದಲ್ಲಿ ‘ಊರ್ಜ’ ಎಂದರೆ ಬಲ, ಚೈತನ್ಯ. ಹಿಂದಿ ಪಾಠದಲ್ಲಿ ಬರುವ ‘ಊರ್ಜಾ’ ಇದೇ. ಊರ್ಜಿತ ಎಂದರೆ ಬಲವುಳ್ಳದ್ದು. ಅಲ್ಲಿ ವಲಿದುಸ್, ಇಲ್ಲಿ ಊರ್ಜಿತ! ಎರಡೂ ಬಲದಿಂದಲೇ ಹೊರಟು ಕೋರ್ಟಿನ ಮೆಟ್ಟಿಲು ಹತ್ತಿವೆ. ನಮ್ಮ ಮನೆಯ ಮಾತಿನ ‘ಗಟ್ಟಿ’ಯೂ ಹಿಂದೆ ಬಿದ್ದಿಲ್ಲ. ಅಜ್ಜಿ ಗಟ್ಟಿ, ದಾಖಲೆ ಗಟ್ಟಿ, ಮಾತು ಗಟ್ಟಿ ಎಂದು ಮೂರಕ್ಕೂ ಹೇಳುತ್ತೇವಲ್ಲ!

ಈಗ ಬಳಕೆ. ಕಾಗುಣಿತ ವಿ-ಎ-ಎಲ್-ಐ-ಡಿ-ಐ-ಟಿ-ವೈ. ‘ವ್ಯಾಲಿಡ್’ ಎನ್ನುವಾಗ ಒತ್ತು ಮೊದಲ ‘ವ್ಯಾ’ ಮೇಲೆ. ‘ವ್ಯಾಲಿಡಿಟಿ’ ಆದಾಗ ಒತ್ತು ‘ಲಿ’ಗೆ ಜಾರುತ್ತದೆ, ಮೊದಲ ಅಕ್ಷರ ತೇಲಿಹೋಗಿ ‘ವಲಿಡಿಟಿ’ ಎಂಬಂತೆ ಕೇಳುತ್ತದೆ. ವ್ಯಾಲಿಡಿಟಿ ನಾಮಪದ, ವ್ಯಾಲಿಡ್ ಗುಣವಾಚಕ, ವ್ಯಾಲಿಡೇಟ್ ಕ್ರಿಯಾಪದ. ‘ಮೈ ಪಾಸ್ ಈಸ್ ವ್ಯಾಲಿಡಿಟಿ’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ತಪ್ಪು. ‘ಮೈ ಪಾಸ್ ಈಸ್ ವ್ಯಾಲಿಡ್’ ಎಂಬುದು ಸರಿ.

ಅವಧಿ ಹೇಳಲು ‘ಫಾರ್’, ಕೊನೆಯ ದಿನ ಹೇಳಲು ‘ಅನ್‌ಟಿಲ್’. ‘ದಿ ಚೆಕ್ ಈಸ್ ವ್ಯಾಲಿಡ್ ಫಾರ್ ತ್ರೀ ಮಂತ್ಸ್’, ಅಂದರೆ ಈ ಚೆಕ್ ಮೂರು ತಿಂಗಳು ಸಲ್ಲುತ್ತದೆ. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರಾಯಿತು. ಹಳೆಯ ಚೆಕ್ ಇಟ್ಟುಕೊಂಡಿರುವ ಅಜ್ಜಂದಿರು ಒಮ್ಮೆ ತಾರೀಕು ನೋಡಿಕೊಳ್ಳಿ! ನಾಮಪದ ಬಳಸುವಾಗ ಹಿಂದೆ ‘ಆಫ್’ ಬರುತ್ತದೆ. ‘ದಿ ಕೋರ್ಟ್ ಎಕ್ಸಾಮಿನ್ಡ್ ದಿ ವ್ಯಾಲಿಡಿಟಿ ಆಫ್ ದಿ ಎಲೆಕ್ಷನ್’, ನ್ಯಾಯಾಲಯ ಚುನಾವಣೆಯ ಸಿಂಧುತ್ವವನ್ನು ಪರಿಶೀಲಿಸಿತು. ‘ಶಿ ಕ್ವೆಶ್ಚನ್ಡ್ ದಿ ವ್ಯಾಲಿಡಿಟಿ ಆಫ್ ಹಿಸ್ ಆರ್ಗ್ಯುಮೆಂಟ್’, ಅವನ ವಾದ ನಿಲ್ಲುತ್ತದೆಯೇ ಎಂದು ಅವಳು ಪ್ರಶ್ನಿಸಿದಳು. ಇದು ಸ್ವಲ್ಪ ಗಂಭೀರ ಪದ. ಆಟದ ಮೈದಾನದಲ್ಲಿ ಬೇಡ, ಅರ್ಜಿ, ಪ್ರಬಂಧ, ಚರ್ಚಾಸ್ಪರ್ಧೆಗಳಲ್ಲಿ ಶೋಭಿಸುತ್ತದೆ.

ಎಲ್ಲೇ ಈ ಪದ ಕಂಡರೂ ಮೂರು ಪ್ರಶ್ನೆ ಕೇಳಿ. ಯಾವುದಕ್ಕೆ ವ್ಯಾಲಿಡ್? ಯಾವ ನಿಯಮದಂತೆ? ಎಲ್ಲಿಯವರೆಗೆ? ಬಸ್ ಪಾಸು ಬಸ್ಸಿಗೆ ಸಲ್ಲುತ್ತದೆ, ರೈಲಿಗಲ್ಲ. ಈ ಮೂರಕ್ಕೆ ಉತ್ತರ ಸಿಕ್ಕರೆ ಪದ ನಿಮ್ಮ ಕೈಗೆ ಸಿಕ್ಕಂತೆ.

ಇನ್ನೊಂದು ಎಚ್ಚರಿಕೆ ಮಾತು. ‘ಇನ್‌ವ್ಯಾಲಿಡ್’ ಎಂದು ‘ವ್ಯಾ’ ಮೇಲೆ ಒತ್ತು ಕೊಟ್ಟರೆ ಸಲ್ಲದ್ದು ಎಂದರ್ಥ. ಅದೇ ಕಾಗುಣಿತವನ್ನು ಮೊದಲ ‘ಇನ್’ ಮೇಲೆ ಒತ್ತಿ ‘ಇನ್‌ವಲಿಡ್’ ಎಂದರೆ ಬಹುಕಾಲ ಕಾಯಿಲೆಯಿಂದ ಬಲಗುಂದಿದ ಮನುಷ್ಯ ಎಂಬ ಹಳೆಯ ಅರ್ಥ. ಈಗ ಅದನ್ನು ಮನುಷ್ಯರಿಗೆ ಬಳಸುವುದು ಮರ್ಯಾದೆಯಲ್ಲ. ನೀವೂ ಬಳಸಬೇಡಿ.

ಈಗ ಬ್ಯಾಂಕಿಗೆ ಹಿಂದಿರುಗೋಣ. ಪುಟ್ಟಿ ಪರದೆಯನ್ನು ಮತ್ತೊಮ್ಮೆ ನೋಡಿ ಕೌಂಟರಿನವರನ್ನು ಕೇಳಿದಳು, “ಆಂಟಿ, ಬೆರಳಚ್ಚು ತಾನೇ ಇನ್‌ವ್ಯಾಲಿಡ್? ತಾತ ಇಲ್ಲೇ ಇದ್ದಾರಲ್ಲ. ಬೇರೆ ದಾರಿ ಇಲ್ವಾ?” ಇತ್ತು. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ದಾರಿ ಇತ್ತು. ಕಣ್ಣು ಮಿಟುಕಿಸಿ ಅಂದರು, ಮಿಟುಕಿಸಿದೆ. ಒಂದೇ ಸಲಕ್ಕೆ ಆಯಿತು. ಪುಟ್ಟಿ ಅಲ್ಲಿಗೇ ಬಿಡಲಿಲ್ಲ. “ಈ ಅಜ್ಜಿಗೂ ಹಾಗೇ ಮಾಡಿ” ಅಂದಳು. ಆ ಅಜ್ಜಿ ಸೆರಗು ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವರಂತೆ ನೆಟ್ಟಗೆ ನಿಂತರು. ಅವರದೂ ಆಯಿತು. ಹೊರಗೆ ಬರುವಾಗ ಪುಟ್ಟಿಯ ಕೆನ್ನೆ ಸವರಿ ನೆಟಿಕೆ ಮುರಿದರು.

ಅಂದು ಸಂಜೆ ಪುಟ್ಟಿ ಇಂಗ್ಲಿಷ್ ನೋಟುಪುಸ್ತಕದಲ್ಲಿ ಒಂದು ವಾಕ್ಯ ಬರೆದು ತಂದಳು. ‘ಮೈ ಗ್ರ್ಯಾಂಡ್‌ಫಾದರ್ ಈಸ್ ವ್ಯಾಲಿಡ್ ಫಾರ್ ಒನ್ ಇಯರ್.’ ನಾನು ಕೆಂಪು ಪೆನ್ನು ತೆಗೆದೆ. ‘ಗ್ರ್ಯಾಂಡ್‌ಫಾದರ್’ ಮುಂದೆ ಒಂದು ‘ಎಸ್’, ಅದರ ಮುಂದೆ ‘ಲೈಫ್ ಸರ್ಟಿಫಿಕೇಟ್’ ಎಂದು ಸೇರಿಸಿದೆ. ವರ್ಷದ ಲೆಕ್ಕ ಪತ್ರಕ್ಕೆ, ತಾತನಿಗಲ್ಲ ಎಂದೆ.

“ಹಾಗಾದ್ರೆ ತಾತಂಗೆ ಏನಂತ ಬರೀಲಿ?”

“ಕನ್ನಡದಲ್ಲಿ ಬರಿ. ತಾತ ಗಟ್ಟಿಯಾಗಿದ್ದಾನೆ ಅಂತ.”

ಈ ವಾರದ ಮನೆಗೆಲಸ: ಮಕ್ಕಳು ಮತ್ತು ಅಜ್ಜ ಅಜ್ಜಿ ಒಟ್ಟಿಗೆ ಕುಳಿತು ಮನೆಯ ಕಾಗದಪತ್ರಗಳ ಡಬ್ಬಿ ತೆರೆಯಿರಿ. ಬಸ್ ಪಾಸು, ಚೆಕ್, ಪಾಸ್‌ಪೋರ್ಟ್, ವಾಹನದ ವಿಮೆ, ಏನಿದ್ದರೂ ಸರಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ, ‘ವ್ಯಾಲಿಡ್ ಅನ್‌ಟಿಲ್’ ಬಳಸಿ ಒಂದೊಂದು ಇಂಗ್ಲಿಷ್ ವಾಕ್ಯ ಬರೆಯಿರಿ. ಅವಧಿ ಮುಗಿದದ್ದು ಸಿಕ್ಕರೆ ಮನೆಯವರಿಗೆ ಹೇಳಿ. ಆಮೇಲೆ ಅಜ್ಜ ಅಥವಾ ಅಜ್ಜಿ, ಈಗ ಸಲ್ಲದ ಒಂದು ನಾಣ್ಯದಿಂದ ಚಿಕ್ಕಂದಿನಲ್ಲಿ ಏನು ಕೊಂಡಿದ್ದೆವು ಎಂಬ ಕಥೆ ಹೇಳಬೇಕು. ಅದಕ್ಕೆ ಅವಧಿ ಇಲ್ಲ.

ಮುಂದಿನ ವಾರ ಇನ್ನೊಂದು ಪದದೊಂದಿಗೆ ಬರುತ್ತೇನೆ. ಎಲ್ಲರೂ ಗಟ್ಟಿಯಾಗಿರಿ.

ನಿಮ್ಮ ಪದಪೆಟ್ಟಿಗೆ ತಾತ